ದುರ್ಬೀನಿನ ಫೋನಿಗೆ ಮಾವನವರ ಕರಿಬಟ್ಟೆ

ಸುಬೇದಾರರು ನಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿದಾಗ ನಾನು ಒಂದು ಕೂಸಿನ ಫೋಟೊ ತೆಗೆಯಲು ಒದ್ದಾಡುತ್ತಿದ್ದೆ. ಕೂಸು ಕ್ಯಾಮೆರಾ ನೋಡಲೊಲ್ಲದು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ಅವರವ್ವ ಪಕ್ಕದ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲೊಲ್ಲಳು. ತನ್ನ ಮುಖ ಅಲ್ಲಿ ಕಂಡಿತೋ ಇಲ್ಲವೋ, ಸೆರಗು ಎಳೆದುಕೊಳ್ಳುತ್ತಾಳೆ, ಕೂದಲು ಹಿಂದಕ್ಕೆ ತಳ್ಳುತ್ತಾಳೆ, ಅಷ್ಟರಲ್ಲಿ ಕೂಸು ವಾಲಿರುತ್ತದೆ. ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಆಮೇಲೆ ತಾಯಿ ಮಗು ಇಬ್ಬರೂ ನೆಟ್ಟಗೆ ಕೂತರು. ಎದುರಿಗೆ ಕೂತವರಿಗೆ ತಮ್ಮ ಮುಖ ಕಾಣಿಸಬಾರದು ಅನ್ನುವುದು ಕೊಟ್ಟೂರಿನಲ್ಲಿ ಈ ಸ್ಟುಡಿಯೋ ಹಾಕಿದ ನಮ್ಮ ಮಾವನವರ ಕಾಲದ ಪದ್ಧತಿ. ಆ ದಿನ ಅದನ್ನು ಯೋಚಿಸದೆ ಮಾಡಿದೆ, ಮಾಡಿ ಮರೆತೆ.

ತಾಯಿ ಮಗು ಹೋಗುವವರೆಗೂ ಸುಬೇದಾರರು ಕಾದು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ದುರ್ಬೀನನ್ನು ನನ್ನ ಮೇಜಿನ ಮೇಲಿಟ್ಟರು. ಸೈನ್ಯದಿಂದ ನಿವೃತ್ತರಾಗಿ ಕೂಡ್ಲಿಗಿಯಲ್ಲಿ ಇರುವವರು. ವಾರದಲ್ಲಿ ಕೆಲವು ದಿನ ಬಸ್ಸು ಹತ್ತಿ ನಮ್ಮೂರಿಗೆ ಬಂದು, ಹರಪನಹಳ್ಳಿ ರಸ್ತೆಯ ಒಂದು ಶೇಂಗಾ ಮಿಲ್ಲಿನ ಹಳೇ ಗೋದಾಮಿನಲ್ಲಿ ಏರ್ ರೈಫಲ್ ಕಲಿಸುತ್ತಿದ್ದರು.

“ಅಕ್ಕಾರ, ಇದಕ್ಕೊಂದು ಫೋನ್ ಕಟ್ಟಿ ಕೊಡ್ರಿ.”

“ಕಟ್ಟಾಕ ಇದೇನು ಎಮ್ಮೀನ್ರಿ ಸಾಹೇಬ್ರ?”

“ಎಮ್ಮಿ ಆಗಿದ್ರ ನಾನ ಕಟ್ತಿದ್ದೆ. ಕಣ್ಣು ಕೈ ಕೊಟ್ಟಾವ್ರಿ. ಒಂದಕ್ಕ ಆಪರೇಷನ್ ಆಗೈತಿ, ಇನ್ನೊಂದಕ್ಕ ಡಾಕ್ಟ್ರು ತಡೀರಿ ಅಂತಾರ. ದುರ್ಬೀನಿಗೆ ಕಣ್ಣಿಟ್ರ ಬರೇ ಮಂಜು. ಫೋನಿನ್ಯಾಗ ದೊಡ್ಡದಾಗಿ ಬಂದ್ರ ನನಗ ಕಾಣತೈತಿ.”

‘ನನಗ’ ಅಂದಿದ್ದರು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಆಮೇಲೆ ಅವರೇ ಮರೆತರು.

ಅವರ ಶಿಷ್ಯೆ ನನಗೆ ಗೊತ್ತಿದ್ದವಳೇ. ನಮ್ಮ ಸ್ಟುಡಿಯೋದ ಓಣಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಮೆಕ್ಯಾನಿಕ್ ಸಾಹೇಬರ ಮಗಳು. ಕಾಲೇಜು ಮುಗಿಸಿ ಅಪ್ಪನ ಅಂಗಡಿಯಲ್ಲೇ ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳುತ್ತಿದ್ದಳು. ಅವಳು ಹೊಡೆಯುತ್ತಿದ್ದ ರೈಫಲ್ ಅವಳದಲ್ಲ, ಒಂದು ಕ್ಲಬ್ಬಿನದು. ಬೇಸಿಗೆಯ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಗೊತ್ತುಮಾಡಿದ ಅಂಕ ಬಂದರೆ ರೈಫಲ್ ಇನ್ನೊಂದು ವರ್ಷ ಅವಳ ಹತ್ತಿರ ಉಳಿಯುತ್ತದೆ. ಬಾರದಿದ್ದರೆ ಅಲ್ಲಿಯೇ, ಅದೇ ದಿನ, ಕ್ಲಬ್ಬಿನವರಿಗೆ ಒಪ್ಪಿಸಿ ಬರಬೇಕು. ಅದು ಹೋದರೆ ಇನ್ನೊಂದು ಕೊಳ್ಳುವ ಮನೆ ಅವರದಲ್ಲ. ಅಷ್ಟಕ್ಕೆ ಅವಳ ಶೂಟಿಂಗ್ ಮುಗಿಯಿತು. ಇದನ್ನು ಸುಬೇದಾರರು ದುರ್ಬೀನಿನ ಗಾಜು ಒರೆಸುತ್ತ ಹೇಳಿದರು.

ಮರುದಿನ ಗೋದಾಮಿಗೆ ಹೋದೆ. ಒಂದು ತುದಿಯಲ್ಲಿ ಮೇಜು, ಇನ್ನೊಂದು ತುದಿಯಲ್ಲಿ ಪೆಲೆಟ್ ಅನ್ನುವ ಪುಟ್ಟ ಗುಂಡು ಹಿಡಿಯುವ ಕಬ್ಬಿಣದ ಡಬ್ಬಿ, ಅದರ ಮುಂದೆ ಗುರಿಯ ಹಾಳೆ. ಹಾಳೆಯನ್ನು ಹಗ್ಗ, ಬಾವಿಯ ರಾಟೆ ಹಾಕಿ ಈಚೆಗೆ ಎಳೆದುಕೊಳ್ಳುತ್ತಿದ್ದರು. ಸೀಸದ ಪೆಲೆಟ್ ಮಾಡುವ ತೂತು ಜೋಳದ ಕಾಳಿನಷ್ಟು. ಅದೂ ನಡುವಿನ ಕರಿ ವೃತ್ತದಲ್ಲಿ ಬಿದ್ದರೆ ಹತ್ತು ಮೀಟರಿನಾಚೆಗೆ ಬರಿಗಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಕೆಲವು ಗುಂಡು ಹೊಡೆದು ಹಾಳೆ ಎಳೆಯುವುದು, ನೋಡುವುದು. ಆದರೆ ಯಾವ ತೂತು ಮೊದಲಿನದು, ಯಾವುದು ಕೊನೆಯದು ಅಂತ ಹಾಳೆ ಹೇಳುವುದಿಲ್ಲ. ಸುಬೇದಾರರಿಗೆ ಬೇಕಾಗಿದ್ದುದು ಆ ಸರತಿ.

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿಕೆ ತರಿಸಿದೆ. ಫೋನಿನ ಭಾರಕ್ಕೆ ಅದು ಜಾರುತ್ತಲೇ ಹೋಯಿತು. ದುರ್ಬೀನಿನ ಕಣ್ಣೂ ಫೋನಿನ ಕಣ್ಣೂ ಒಂದೇ ಗೆರೆಯಲ್ಲಿ ಕೂರದಿದ್ದರೆ ಸುತ್ತ ಕತ್ತಲೆ, ನಡುವೆ ಹುಣ್ಣಿಮೆ ಚಂದ್ರ. ಕೂದಲೆಳೆಯಷ್ಟು ಜಾರಿದರೆ ಚಂದ್ರನಿಗೂ ಗ್ರಹಣ. ಮೆಕ್ಯಾನಿಕ್ ಸಾಹೇಬರು ನೋಡಿ, “ಇಡ್ರಿ ಅಕ್ಕಾರ, ಇದು ನಮ್ಮ ಕೆಲಸ,” ಅಂದು ಹೊತ್ತುಕೊಂಡು ಹೋದರು. ಬೈಕಿನ ಕನ್ನಡಿ ಹಿಡಿಯುವ ಕ್ಲಾಂಪು, ಎರಡು ಪಟ್ಟಿ ಕಬ್ಬಿಣ, ಫೋನಿಗೆ ಗೀರು ಬೀಳದಂತೆ ಸೈಕಲ್ ಟ್ಯೂಬಿನ ತುಂಡು. ಒಂದು ಸಲ ಬಿಗಿದರೆ ಅಲ್ಲಾಡದು. ಫೋನಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಲು ನಮ್ಮ ಸ್ಟುಡಿಯೋದ ಹಳೇ ಮಾನಿಟರ್ ಕೊಟ್ಟಿದ್ದೆ. ಅದಕ್ಕೂ ಅವರೇ ಉದ್ದನೆಯ ತೋಳು ಬೆಸೆದು, ಮಗಳು ನಿಲ್ಲುವ ಜಾಗದ ಎಡಕ್ಕೆ, ಅವಳ ಮುಖದ ಎತ್ತರಕ್ಕೆ ನಿಲ್ಲಿಸಿದರು.

“ನೋಡು ಬೇಟಿ, ಕತ್ತು ಸೈತ ತಿರುಗಿಸೋದು ಬ್ಯಾಡ,” ಅಂದರು. ನಾವೆಲ್ಲ ಭಲೇ ಅಂದೆವು.

ಆಮೇಲಿನ ತೊಡಕುಗಳು ನನ್ನ ಪಾಲಿಗೆ. ಗೋದಾಮಿನ ಪಕ್ಕದಲ್ಲಿ ಶೇಂಗಾ ಸುಲಿಯುವ ಮಷೀನು ಶುರುವಾದರೆ ನೆಲ ನಡುಗಿ ಪರದೆಯ ಮೇಲಿನ ಗುರಿ ಕುದಿಯುವ ಅನ್ನದಂತೆ ಕುಣಿಯುತ್ತಿತ್ತು. ದುರ್ಬೀನು ಕೂರಿಸಿದ್ದ, ನಾನು ಮದುವೆ ವಿಡಿಯೋಗೆ ಒಯ್ಯುವ ಟ್ರೈಪಾಡಿನ ಕಾಲುಗಳ ಕೆಳಗೆ ಗೋಣಿಚೀಲ ಮಡಚಿ ಇಟ್ಟು, ನಡುವೆ ನೀರಿನ ಕ್ಯಾನು ತೂಗುಹಾಕಿದೆ. ಅರ್ಧ ನಿಂತಿತು. ಉಳಿದರ್ಧಕ್ಕೆ ಮಿಲ್ಲಿನವರು ಊಟಕ್ಕೆ ಎದ್ದಾಗ ಹೊಡೆಯುವುದು ಅಂತ ಮಾಡಿಕೊಂಡೆವು. ಫೋನು ತಾನೇ ಫೋಕಸ್ ಹುಡುಕಲು ಹೋಗಿ ಒಮ್ಮೆ ಹಾಳೆ, ಒಮ್ಮೆ ಗಾಳಿ ನೋಡುತ್ತಿತ್ತು. ಕರಿ ವೃತ್ತದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಬೀಗ ಹಾಕುವುದು ಕಲಿಸಿದೆ.

ಎಲ್ಲಕ್ಕಿಂತ ನಗು ಬರಿಸಿದ್ದು ಇನ್ನೊಂದು. ಹುಡುಗಿ ಹೊಡೆದಳು, ಟಪ್ ಅಂತ ಸದ್ದಾಯಿತು, ಪರದೆಯ ಮೇಲೆ ತೂತಿಲ್ಲ.

“ಹೊಡೆದದ್ದು ಎಲ್ಲಿ ಹೋತ್ರಿ?” ಅಂದರು ಸುಬೇದಾರರು.

ಹಾಳೆ ಎಳೆದು ನೋಡಿದರೆ ತೂತು ಇದೆ. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅದು ನಾನು ಮದುವೆ ಮನೆಗೆ ಒಯ್ಯುವ ಫೋನು. ಮದುಮಕ್ಕಳ ಮೊಡವೆ, ಕಲೆ ಕಾಣಬಾರದು ಅಂತ ಚರ್ಮ ನುಣುಪು ಮಾಡುವ ಸೆಟ್ಟಿಂಗು ನಾನೇ ಹಾಕಿಟ್ಟಿದ್ದೆ. ಫೋನು ಪೆಲೆಟ್ಟಿನ ತೂತನ್ನೂ ಮೊಡವೆ ಅಂತ ತಿಳಿದು ಸವರಿಬಿಟ್ಟಿತ್ತು.

“ಚೊಲೋ ಆತು ಬಿಡ್ರಿ ಆಂಟಿ,” ಅಂದಳು ಹುಡುಗಿ, “ಹೊರಗ ಬಿದ್ದ ಗುಂಡು ಯಾರಿಗೂ ಕಾಣಂಗಿಲ್ಲ.”

ಸೆಟ್ಟಿಂಗು ತೆಗೆದರೂ ಕಪ್ಪಿನ ಮೇಲಿನ ಕಪ್ಪು ತೂತು ಸ್ಪಷ್ಟವಾಗಲಿಲ್ಲ. ರವಿಕೆಯ ಲೈನಿಂಗಿಗೆ ತಂದಿದ್ದ ಕೆಂಪು ಬಟ್ಟೆಯ ತುಂಡನ್ನು ಹಾಳೆಯ ಹಿಂದೆ ಅಂಟಿಸಿದೆ. ಉಪಯೋಗವಾಗಲಿಲ್ಲ, ಪೆಲೆಟ್ ಬಟ್ಟೆಯನ್ನೂ ಅದೇ ಜಾಗದಲ್ಲಿ ತೂರಿಕೊಂಡು ಹೋಗುತ್ತಿತ್ತು. ಆಮೇಲೆ ಬಟ್ಟೆಯನ್ನು ಹಾಳೆಯಿಂದ ಒಂದು ಗೇಣು ಹಿಂದಕ್ಕೆ ಸರಿಸಿ, ಅದರ ಮೇಲೆ ಪಕ್ಕದಿಂದ ಒಂದು ದೀಪ ಬಿಟ್ಟೆ. ದುರ್ಬೀನು ರೈಫಲ್ಲಿನ ಪಕ್ಕದಲ್ಲಿ ಓರೆಯಾಗಿ ನಿಂತಿತ್ತಲ್ಲ, ಹಾಳೆಯ ತೂತಿನೊಳಗಿಂದ ಅದಕ್ಕೆ ಬಟ್ಟೆಯ ಬೇರೆ ಜಾಗ, ತೂತಿಲ್ಲದ ಜಾಗ ಕಾಣುತ್ತಿತ್ತು. ಪ್ರತಿ ಗುಂಡಿಗೂ ಕರಿ ವೃತ್ತದ ಮೇಲೆ ಒಂದು ಕುಂಕುಮದ ಬೊಟ್ಟು. ಬಟ್ಟೆ ಜರಡಿಯಾದಾಗ ಬೇರೆ ಹಾಕುವುದು. ಆ ಕಡೆ ಹೋಗಿ ದೀಪ ಸರಿಮಾಡಬೇಕಾದಾಗೆಲ್ಲ ಸುಬೇದಾರರ ಕಟ್ಟಪ್ಪಣೆ ಒಂದೇ: ರೈಫಲ್ ಮೇಜಿನ ಮೇಲಿರಬೇಕು, ಗುಂಡು ತುಂಬುವ ಬಾಯಿ ತೆರೆದಿರಬೇಕು, ಒಳಗೆ ಗುಂಡಿಲ್ಲ ಅನ್ನುವ ಗುರುತಿಗೆ ನಳಿಗೆಯಲ್ಲಿ ಹಳದಿ ದಾರ ತೂರಿರಬೇಕು. ದಾರ ಕಾಣದೆ ಅವರು ಮಿಲ್ಲಿನ ಮಾಲೀಕರನ್ನೂ ಒಂದು ಹೆಜ್ಜೆ ಮುಂದೆ ಬಿಡುತ್ತಿರಲಿಲ್ಲ.

ಸುದ್ದಿ ಹಬ್ಬಿ ಹಮಾಲರು, ಅಂಗಡಿಯವರು ಬಂದು ನಿಂತು ನೋಡತೊಡಗಿದರು. ಕೆಂಪು ಬೊಟ್ಟು ಮೂಡಿದರೆ ಸಾಕು, “ಬಿತ್ತಪಾ ಒಳಗ” ಅನ್ನುವುದು. ಮೆಕ್ಯಾನಿಕ್ ಸಾಹೇಬರು ಎಲ್ಲರಿಗೂ ಚಹಾ ತರಿಸುವುದು. ನನ್ನ ಕೆಲಸ ಮುಗಿಯಿತು ಅಂತ ನಾನೂ ಸ್ಟುಡಿಯೋಕ್ಕೆ ಮರಳಿದೆ.

ಮುಗಿದಿರಲಿಲ್ಲ. ಸ್ವಲ್ಪ ದಿನದಲ್ಲೇ ಹುಡುಗಿಯ ಅಂಕ ಇಳಿಯುತ್ತ ಹೋಯಿತು. ಮೊದಲು ಒಂದು ಹೆಬ್ಬೆರಳಿನಲ್ಲಿ ಮುಚ್ಚಬಹುದಾಗಿದ್ದ ತೂತುಗಳು ಈಗ ಹಾಳೆ ತುಂಬ ಹರಡಿಕೊಂಡವು. ಎಡಕ್ಕೆ ಬಿತ್ತು ಅಂತ ಕಂಡ ಕೂಡಲೇ ರೈಫಲ್ಲಿನ ಗುರಿ ಹೊಂದಿಸುವ ತಿರುಪು ಬಲಕ್ಕೆ ತಿರುಗಿಸುವುದು, ಮುಂದಿನದು ಬಲಕ್ಕೆ ಹೋಯಿತೆಂದು ಮತ್ತೆ ಎಡಕ್ಕೆ. ತಿರುಪು ತಿರುಗಿಸಿ ತಿರುಗಿಸಿ ಅದು ಎಲ್ಲಿತ್ತು ಅನ್ನುವುದೇ ಯಾರಿಗೂ ನೆನಪಿರಲಿಲ್ಲ. ಸುಬೇದಾರರು ಪೆಲೆಟ್ ಸರಿಯಿಲ್ಲ ಅಂದರು. ಅವಳಪ್ಪ, ರೈಫಲ್ಲಿನ ಯಾವುದೋ ವಾಷರ್ ಹೋಗಿರಬೇಕು ಅಂದರು. ಹುಡುಗಿ ಸಂಜೆ ಅಂಗಡಿಯಲ್ಲಿ ಗಿರಾಕಿ ಒಂದು ಕೇಳಿದರೆ ಇನ್ನೊಂದು ತೆಗೆದುಕೊಡುತ್ತಿದ್ದಳು.

ಬಿಸಿಲು ಏರಿದ ಒಂದು ಮಧ್ಯಾಹ್ನ ನಾನು ಬುತ್ತಿ ಕಟ್ಟಿಕೊಂಡು ಗೋದಾಮಿಗೆ ಹೋಗಿದ್ದೆ. ತಗಡಿನ ಮಾಡು, ಒಳಗೆ ಕುಲುಮೆ. ಅವಳು ಹೊಡೆಯುತ್ತಿರುವಾಗ ಫೋನು ಕಾದು, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಅಂತ ಬರೆದು ಆರಿಹೋಯಿತು. ಮಾನಿಟರ್ ಕಪ್ಪಾಯಿತು. ನಿಲ್ಲಿಸಲೇ ಅಂದಳು. ತಣ್ಣನೆ ಬಟ್ಟೆ ತರುವುದರೊಳಗೆ ಇರುವಷ್ಟು ಹೊಡಿ ಅಂದರು ಸುಬೇದಾರರು. ಹೊಡೆದಳು. ರಾಟೆ ಎಳೆದಾಗ ಹಾಳೆಯ ನಡುವೆ ಆ ಕೊನೆಯ ತೂತುಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಹರಕಾಗಿದ್ದವು.

“ಫೋನ್ ಸತ್ತಾಗ ಬಂದೂಕಿಗೆ ಜೀವ ಬಂತು ನೋಡ್ರಿ,” ಅಂದರು ಮೆಕ್ಯಾನಿಕ್ ಸಾಹೇಬರು. ಎಲ್ಲರೂ ನಕ್ಕರು. ಅದೃಷ್ಟ ಅಂದರು. ನಾನು ಕಪ್ಪಾದ ಮಾನಿಟರನ್ನು ನೋಡಿದೆ. ಸೆರಗು ಎಳೆದುಕೊಳ್ಳುತ್ತಿದ್ದ ಆ ಕೂಸಿನ ತಾಯಿ ನೆನಪಾದಳು.

ಮರುದಿನ ಮದುವೆಯ ವಿಡಿಯೋ ಕ್ಯಾಮೆರಾ ಒಯ್ದು ಹುಡುಗಿಯ ಪಕ್ಕಕ್ಕೆ, ಅವಳ ಕಣ್ಣೂ ಕೆನ್ನೆಯೂ ತುಂಬುವಂತೆ ನಿಲ್ಲಿಸಿದೆ. ಮುಖದ ವಿಡಿಯೋ ಯಾಕೆ ಅಂದಳು. ಸುಮ್ಮನೆ ಒಂದು ನೋಡೋಣ ಅಂದೆ. ಸಂಜೆ ಸ್ಟುಡಿಯೋದಲ್ಲಿ ಅದನ್ನು ನಿಧಾನ ಮಾಡಿ ಹಾಕಿದೆ. ನಾನು, ಸುಬೇದಾರರು, ಅವಳು, ಮೂವರೇ. ಸುಬೇದಾರರಿಗೆ ಕಾಣಲೆಂದು ಅವರ ಕುರ್ಚಿಯನ್ನು ಪರದೆಗೆ ಮೂಗು ತಾಗುವಷ್ಟು ಎಳೆದೆ.

ಬೆರಳು ರೈಫಲ್ಲಿನ ಟ್ರಿಗರ್ ಒತ್ತುತ್ತಿತ್ತು. ಗುಂಡು ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲೇ ಅವಳ ಕಣ್ಣಿನ ಗೊಂಬೆ ಎಡಕ್ಕೆ, ಮಾನಿಟರಿನ ಕಡೆ ಜಾರಿತು. ಹಿಂದೆಯೇ ಕೆನ್ನೆ ರೈಫಲ್ಲಿನ ಮರದಿಂದ ತುಸು ಎದ್ದಿತು. ಮುಂದಿನ ಗುಂಡಿಗೂ ಅದೇ, ಅದರ ಮುಂದಿನದಕ್ಕೂ ಅದೇ.

“ನಾ ಹಂಗ ಮಾಡಲ್ರಿ,” ಅಂದಳು, ಪರದೆಯಲ್ಲಿ ತಾನು ಮಾಡುತ್ತಿರುವುದನ್ನು ನೋಡುತ್ತಲೇ. ಮತ್ತೊಮ್ಮೆ ಹಾಕಿದೆ. ಆಮೇಲೆ ಮೆಲ್ಲಗೆ, “ಇದನ್ನ ಯಾರಿಗೂ ಕಳಿಸಬ್ಯಾಡ್ರಿ ಆಂಟಿ. ಅಬ್ಬಾಗಂತೂ ಬ್ಯಾಡ್ರಿ,” ಅಂದಳು. ಅವಳ ಎದುರಿಗೇ ಅಳಿಸಿದೆ.

ಮಾನಿಟರ್ ತೆಗೆದುಬಿಡೋಣ, ಅಥವಾ ಸುಬೇದಾರರ ಕಡೆ ತಿರುಗಿಸೋಣ ಅಂದೆ. ಮೊದಲಿಗೆ ಕೇಳಿದ್ದೂ ಅವರಲ್ಲವೇ. ಸುಬೇದಾರರು ತಲೆ ಅಲ್ಲಾಡಿಸಿದರು.

“ತೆಗೀಬೌದ್ರಿ ಅಕ್ಕಾರ. ಆದ್ರ ಬೆಂಗಳೂರಾಗ ಹಾಳಿ ಇರಂಗಿಲ್ಲ. ಮಷೀನಿನ ಗುರಿ. ಒಬ್ಬೊಬ್ರ ಮಗ್ಗಲಕ್ಕೂ ಒಂದೊಂದು ಪರದೆ ಅವರ ಇಟ್ಟಿರ್ತಾರ. ಇಲ್ಲಿ ಮುಚ್ಚಿ ಬೆಳೆಸಿದ್ರ ಅಲ್ಲಿ ಹೋಗಿ ಬಾಯಿ ಬಿಟ್ಕೊಂಡು ಅದನ್ನ ನೋಡತಾಳ.”

ತೆಗೆಯುವ ಹಾಗಿಲ್ಲ, ಇಡುವ ಹಾಗಿಲ್ಲ. ಸ್ಪರ್ಧೆಗೆ ಉಳಿದಿದ್ದ ದಿನ ಕಡಿಮೆ. ಗೋಡೆಯ ಗೂಟಕ್ಕೆ ಮಾವನವರ ಕರಿಬಟ್ಟೆ ನೇತಾಡುತ್ತಿತ್ತು. ಹಳೇ ಮರದ ಕ್ಯಾಮೆರಾದ ಹಿಂದೆ ಅದನ್ನು ತಲೆಯ ಮೇಲೆ ಎಳೆದುಕೊಂಡು ನಿಲ್ಲುತ್ತಿದ್ದರು. ಕ್ಯಾಮೆರಾ ಯಾವತ್ತೋ ಹೋಯಿತು, ಬಟ್ಟೆಯನ್ನು ವರ್ಷಕ್ಕೊಮ್ಮೆ ಒಗೆದು ಮತ್ತೆ ಅಲ್ಲೇ ಹಾಕುತ್ತೇನೆ. ಅದನ್ನು ತೆಗೆದು ಮಾನಿಟರಿಗೆ ಹೊದಿಸಿದರೆ? ಗುಂಡು ಹೊಡೆದ ಮೇಲೆ ಬಟ್ಟೆ ಎತ್ತಿ ನೋಡಲಿ. ಆದರೆ ತಕ್ಷಣ ಅಲ್ಲ, ಅಂದೆ.

“ತಕ್ಷಣ ಅಲ್ಲ ಅಂದ್ರ ಯಾವಾಗ?” ಅಂದಳು ಹುಡುಗಿ.

ಅದಕ್ಕೆ ಸುಬೇದಾರರ ಹತ್ತಿರ ಉತ್ತರವಿತ್ತು. ಸೈನ್ಯದ ಪಟಾಲಮಿನಲ್ಲಿ ಅವರಿಗೆ ಕಲಿಸಿದ್ದೇ ಅದು, ಫೋನು ಬಂದಮೇಲೆ ಅವರಿಗೇ ಮರೆತಿತ್ತು. ಗುಂಡು ಹೋದ ಮೇಲೂ ಕೆನ್ನೆ ಎತ್ತದೆ ಗುರಿಯನ್ನೇ ನೋಡುತ್ತ ನಿಲ್ಲುವುದು. ರೈಫಲ್ ಮೇಜಿಗಿಳಿಸುವುದು. ಎಲ್ಲಿ ಬಿದ್ದಿದೆ ಅಂತ ಬಾಯಿಬಿಟ್ಟು ಹೇಳುವುದು. ಹೇಳಿದ ಮೇಲೆ ಬಟ್ಟೆ ಎತ್ತುವುದು.

ಮೆಕ್ಯಾನಿಕ್ ಸಾಹೇಬರಿಗೆ ಇದು ಹಿಡಿಸಲಿಲ್ಲ. “ಅಷ್ಟು ಚಂದ ಸ್ಟ್ಯಾಂಡ್ ಮಾಡೀನಿ, ಮದುಮಗಳಂಗ ಅದಕ್ಕ ಮುಸುಕು ಹಾಕ್ತೀರಲ್ಲ ಅಕ್ಕಾರ.”

“ಮದುಮಗಳ ಮುಸುಕು ತೆಗಿಯೋ ಹೊತ್ತಿಗೇ, ಸಾಬ್ರ, ಫೋಟೊ ಚಂದ ಬರೋದು,” ಅಂದೆ. ಮಗಳ ಕಣ್ಣಿನ ವಿಷಯ ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಅವರು ಮಗಳ ಮುಖ ನೋಡಿ, ಬಟ್ಟೆಯ ಅಂಚನ್ನು ತಾವೇ ಸರಿಮಾಡಿದರು.

ಮೊದಲ ದಿನಗಳು ಚೆನ್ನಾಗಿರಲಿಲ್ಲ. “ಬಲಕ್ಕ, ತುಸು ಕೆಳಗ,” ಅನ್ನುತ್ತಾಳೆ, ಬಟ್ಟೆ ಎತ್ತಿದರೆ ಕೆಂಪು ಬೊಟ್ಟು ಎಡಕ್ಕೆ ಮೇಲೆ ಕೂತಿದೆ. “ಯವ್ವಾ, ಇದು ಗುರಿಯೋ, ಗಿಣಿಶಾಸ್ತ್ರಾನೋ?” ಅನ್ನುತ್ತಿದ್ದರು ಸುಬೇದಾರರು. ಅವರು ಬಟ್ಟೆಯೊಳಗೆ ತಲೆ ತೂರಿಸಿ ಮಾನಿಟರಿಗೆ ಮುಖವಿಟ್ಟು ನಿಲ್ಲುತ್ತಿದ್ದರು. ಹೊರಗೆ ಬೆನ್ನು ಮಾತ್ರ. ಬಾಗಿಲಲ್ಲಿ ನಿಂತ ಹಮಾಲನೊಬ್ಬ, “ಸಾಹೇಬ್ರ, ನಮ್ದೂ ಒಂದು ಫೋಟೊ ಹೊಡೀರಿ,” ಅಂದ. ಬಟ್ಟೆಯೊಳಗಿಂದಲೇ, “ಬಾ, ಹಾಳಿ ಮುಂದ ನಿಲ್ಲು, ಹೊಡೀತೀವಿ,” ಅಂತ ಬಂತು. ಅವತ್ತಿನಿಂದ ನೋಡಲು ಬರುವವರು ಕಡಿಮೆಯಾದರು. ಕೆಂಪು ಬೊಟ್ಟು ಕಾಣದ ಆಟದಲ್ಲಿ ಅವರಿಗೇನಿತ್ತು?

ನಾನು ದಿನವೂ ಅಡಿಗೆ ಮುಗಿಸಿ ಮಿಲ್ಲಿನ ಊಟದ ಹೊತ್ತಿಗೆ ಹೋಗುತ್ತಿದ್ದೆ. ಫೋನು ಕಾಯದಂತೆ ಅದರ ಬೆನ್ನಿಗೆ ಒದ್ದೆ ಬಟ್ಟೆ, ದೀಪ ಸರಿ, ಫೋಕಸ್ ಬೀಗ, ಆಮೇಲೆ ಸುಮ್ಮನೆ ಕೂರುವುದು. ಗೋದಾಮಿನಲ್ಲಿ ಮೂರೇ ಸದ್ದು. ಟಪ್ ಅನ್ನುವುದು. ಸ್ವಲ್ಪ ಹೊತ್ತು ಬಿಟ್ಟು ರೈಫಲ್ ಮೇಜಿಗೆ ತಾಗುವುದು. ಆಮೇಲೆ ಅವಳ ದನಿ. ಮೆಲ್ಲಮೆಲ್ಲಗೆ ಅವಳ ಮಾತೂ ಬೊಟ್ಟೂ ಹತ್ತಿರವಾಗತೊಡಗಿದವು. ಕೆಟ್ಟ ಗುಂಡಿಗೂ, “ಇದು ಹೋತು, ಎಡಕ್ಕ,” ಅಂತ ತಾನೇ ಹೇಳಿ ಬಟ್ಟೆ ಎತ್ತುತ್ತಿದ್ದಳು. ಅಲ್ಲೇ ಇರುತ್ತಿತ್ತು.

ಒಂದು ದಿನ ಹೇಳಿದ್ದೆಲ್ಲ ನಡುವಿಗೆ, ಬಿದ್ದಿದ್ದೆಲ್ಲ ತುಸು ಬಲಕ್ಕೆ, ಆದರೆ ಗುಂಪು ಬಿಗಿಯಾಗಿತ್ತು. ಸುಬೇದಾರರು ಬಾಯಿ ತೆರೆಯುವುದರೊಳಗೆ ಅವಳೇ, “ಇದು ನಂದಲ್ರಿ ಸಾಹೇಬ್ರ, ತಿರುಪಿಂದು. ಸ್ವಲ್ಪ ಎಡಕ್ಕ ತಿರುವ್ತೀನಿ,” ಅಂದಳು. ತಿರುವಿದಳು. ಮುಂದಿನ ಬೊಟ್ಟು ನಡುವಿಗೆ ಬಂತು. ಸುಬೇದಾರರು ಬಟ್ಟೆಯಿಂದ ತಲೆ ಹೊರಗೆ ತೆಗೆದು, ಕೆದರಿದ ಕೂದಲಲ್ಲೇ ಕೂತು ಚಹಾ ತರಿಸಿದರು.

ಬೆಂಗಳೂರಿಗೆ ಹೊರಟ ದಿನ ಕೂಡ್ಲಿಗಿ ಬಸ್ಸಿನಲ್ಲಿ ರೈಫಲ್ಲಿನ ಉದ್ದನೆ ಪೆಟ್ಟಿಗೆಯನ್ನು ನಾನೂ ಅವಳೂ ಮೊಣಕಾಲ ಮೇಲೆ ಅಡ್ಡಡ್ಡ ಇಟ್ಟುಕೊಂಡು ಕೂತಿದ್ದೆವು. ಕೂಡ್ಲಿಗಿಯಲ್ಲಿ ಸುಬೇದಾರರು ಕೂಡಿಕೊಳ್ಳುವವರಿದ್ದರು. ಕಂಡಕ್ಟರ್ ಬಂದು ಪೆಟ್ಟಿಗೆಯ ಮೇಲೆ ಬೆರಳಿಂದ ಬಡಿದ.

“ಏನ್ರವ್ವಾ ಇದು, ತಂಬೂರಿ ಏನು? ಭಜನಿಗೆ ಹೊಂಟೀರಿ?”

“ಬಂದೂಕ್ರಿ ಅಣ್ಣಾ. ಕ್ಲಬ್ಬಿನ ಪತ್ರ ಐತಿ,” ಅಂದಳು. “ಮಂದೀದು. ವಾಪಸ್ ಕೊಡಾಕ ಹೋದ್ರೂ ಹೋಗಬೌದು.”

ಅವನು ಪತ್ರ ನೋಡಿ ಟಿಕೆಟ್ ಹರಿದುಕೊಟ್ಟ.

ಸ್ಪರ್ಧೆಯ ಸಾಲಿಗೆ ಫೋನು ಒಯ್ಯುವಂತಿಲ್ಲ, ಹಿಂದಿನಿಂದ ಯಾರೂ ಮಾತಾಡುವಂತಿಲ್ಲ. ನಾನು, ಸುಬೇದಾರರು ಹಿಂದಿನ ಕುರ್ಚಿಗಳಲ್ಲಿ. ಸ್ವಲ್ಪ ದೂರದಲ್ಲಿ ಕ್ಲಬ್ಬಿನವರೊಬ್ಬರು. ಹುಡುಗಿಯ ಮಗ್ಗುಲಿಗೆ ಸುಬೇದಾರರು ಹೇಳಿದ್ದಂತೆ ಪುಟ್ಟ ಪರದೆ, ಎಡಗಡೆಯೇ. ಅಕ್ಕಪಕ್ಕದ ಹುಡುಗಿಯರು ಗುಂಡು ಹೊಡೆದ ಕೂಡಲೇ, ಕೋಳಿ ಕೊಕ್ಕು ತಿರುಗಿಸಿದಂತೆ, ಆ ಕಡೆ ನೋಡುತ್ತಿದ್ದರು. ಅವಳು ಹೊಡೆದಳು. ಕೆನ್ನೆ ಅಲ್ಲೇ ಇತ್ತು. ರೈಫಲ್ ಇಳಿಸಿದಳು, ತುಟಿ ಅಲುಗಿತು, ಆಮೇಲೆ ಕೈ ತಾನಾಗಿ ಎಡಕ್ಕೆ ಹೋಗಿ ಗಾಳಿಯಲ್ಲಿ ಏನನ್ನೋ ಎತ್ತಿತು. ಇಲ್ಲದ ಬಟ್ಟೆಯನ್ನು ಎತ್ತಿದ್ದಳು. ಸುಬೇದಾರರು ನನ್ನ ಮೊಣಕೈ ತಿವಿದರು. “ಏನಾತ್ರಿ? ನನಗ ಕಾಣವಲ್ದು.” ಕಿವಿಯಲ್ಲಿ ಹೇಳಿದೆ.

ಪ್ರತಿ ಗುಂಡಿಗೂ ಹಾಗೆಯೇ. ನಡುವೆ ಕೆಲವು ಕೆಟ್ಟವು ಹೋದವು. ಅಂಕದ ಲೆಕ್ಕ ಹಾಕುವುದು ನನ್ನಿಂದಾಗಲಿಲ್ಲ, ಅವಳ ಕೆನ್ನೆಯನ್ನಷ್ಟೇ ನೋಡುತ್ತಿದ್ದೆ. ಕೊನೆಯ ಗುಂಡು ಹೋಯಿತು. ಇಳಿಸಿದಳು, ತುಟಿ ಅಲುಗಿತು. ಈ ಸಲ ಕೈ ಎಡಕ್ಕೆ ಹೋಗಲಿಲ್ಲ. ಪರದೆಯ ಕಡೆ ತಿರುಗಲೂ ಇಲ್ಲ. ರೈಫಲ್ಲಿನ ಬಾಯಿ ತೆರೆದು, ಕಿಸೆಯಿಂದ ಹಳದಿ ದಾರ ತೆಗೆದು, ಅವಸರವಿಲ್ಲದೆ ನಳಿಗೆಗೆ ತೂರಿಸತೊಡಗಿದಳು. ಕ್ಲಬ್ಬಿನವರು ಎದ್ದು ನಿಂತು, ಪರದೆಯ ಕಡೆ ಕತ್ತು ಚಾಚಿ ನೋಡಿದರು.

ತಿರುಗಿ ಬರುವಾಗ ಕೂಡ್ಲಿಗಿಯಲ್ಲಿ ಸುಬೇದಾರರು ಇಳಿದುಕೊಂಡರು. ನಾವಿಬ್ಬರು ಕೊಟ್ಟೂರು ಬಸ್ಸು ಹತ್ತಿದೆವು. ಅದೇ ಕಂಡಕ್ಟರ್. ಟಿಕೆಟ್ ಕೊಡುತ್ತ ಬಂದವನು ನಮ್ಮ ಮೊಣಕಾಲ ಮೇಲೆ ಅಡ್ಡಡ್ಡ ಮಲಗಿದ್ದ ಪೆಟ್ಟಿಗೆಯನ್ನು ನೋಡಿ ನಿಂತ.

“ಕೊಡಾಕ ಹೋಗಿದ್ರಲ್ಲ, ಮತ್ತ ಯಾಕ ಹೊತ್ಕೊಂಡು ಬಂದ್ರಿ?”

ಹುಡುಗಿ ಪೆಟ್ಟಿಗೆಯನ್ನು ತನ್ನ ಕಡೆಗೆ ತುಸು ಎಳೆದುಕೊಂಡಳು.

“ಬರೂ ವರ್ಷದ ತನಕ ನಮ್ಮಲ್ಲೇ ಇರತೈತ್ರಿ ಅಣ್ಣಾ,” ಅಂದಳು. “ಅದಕ್ಕೂ ಟಿಕೆಟ್ ಬೇಕಂದ್ರ ಹರೀರಿ.”